ಸ್ಟೆಪ್ನಿ ಬೇಡವಂತೆ!

ಇಂಗ್ಲೆಂಡಿನಲ್ಲಿರುವ ನಮ್ಮ ಭಾವ ಒಂದು ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ತಗೊಂಡ್ರು. ಕ್ಯಾರವಾನ್ ಅಂದ ತಕ್ಷಣ ಶೂಟಿಂಗ್ ಜಾಗದಲ್ಲಿ ಹೀರೋಗಳು ಕೂರುವ ಎ.ಸಿ. ವ್ಯಾನು ನೆನಪಿಸಿಕೊಳ್ಳಬೇಡಿ. ಇದು ಇಂಜಿನ್ ಇಲ್ಲದ ಪುಟ್ಟ ಮನೆ. ಕಾರಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗೋದು. ಒಳಗೆ ಹಾಸಿಗೆ, ಒಲೆ, ಫ್ರಿಜ್ಜು, ಟಾಯ್ಲೆಟ್ಟು ಎಲ್ಲ ಇರುತ್ತೆ. ಕೆಳಗೆ ಇರೋದು ಮಾತ್ರ ಎರಡೇ ಚಕ್ರ. ಅವರಲ್ಲಿಗೆ ಹೋಗಿದ್ದ ನಾನು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ ನೋಡಿ, "ಭಾವ, ಸ್ಟೆಪ್ನಿ ಎಲ್ಲಿ?" ಅಂದೆ.

"ಅದನ್ನೆಲ್ಲ ಈಗ ಯಾರೂ ಇಡಲ್ಲ ಕಣಯ್ಯ. ಇಗೋ, ಇದು ಕೊಟ್ಟಿದ್ದಾರೆ" ಅಂತ ಪಂಕ್ಚರ್ ಮುಚ್ಚುವ ಅಂಟಿನ ಬಾಟಲಿಯನ್ನೂ ಗಾಳಿ ತುಂಬುವ ಸಣ್ಣ ಪಂಪನ್ನೂ ತೋರಿಸಿದರು.

ಈ "ಯಾರೂ ಇಡಲ್ಲ" ಅನ್ನೋ ಮಾತನ್ನು ಸ್ವಲ್ಪ ಜಗ್ಗಿ ನೋಡಬೇಕು. ಯಾಕಂದ್ರೆ ಅದು ಭಾವನವರ ಸ್ವಂತ ಮಾತಲ್ಲ. ಮಾರುವವರು ಹೇಳ್ತಾರೆ, ವರ್ಷಗಟ್ಟಲೆ ಕ್ಯಾರವಾನ್ ಎಳೆದವರಲ್ಲೂ ಕೆಲವರು ಹೇಳ್ತಾರೆ. ಬ್ರಿಟನ್ನಿನ ಕಾನೂನು ಕೂಡ ಸ್ಟೆಪ್ನಿ ಇರಲೇಬೇಕು ಅನ್ನೋದಿಲ್ಲ.

ಅವರ ಮೊದಲನೇ ವಾದ, ಕಾರುಗಳೇ ಬಿಟ್ಟಿವೆಯಲ್ಲ ಅನ್ನೋದು. ನಿಜ. ನಮ್ಮ ದೇಶದಲ್ಲೂ 2020ರಲ್ಲಿ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಬಂತು. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ಸೆನ್ಸರ್, ರಿಪೇರಿ ಕಿಟ್ ಇದ್ದರೆ ಕಾರಿಗೆ ಸ್ಟೆಪ್ನಿ ಬೇಕಿಲ್ಲ ಅಂತಾಯ್ತು. ಕಾರಿನ ಮಟ್ಟಿಗೆ ಇದಕ್ಕೊಂದು ಅರ್ಥ ಇದೆ. ಮೊಳೆ ಚುಚ್ಚಿ ಗಾಳಿ ಇಳಿಯೋಕೆ ಶುರುವಾದ್ರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತೆ, ಸ್ಟೀರಿಂಗ್ ಒಂದು ಕಡೆ ಎಳೆಯುತ್ತೆ. ಟೈರು ಇನ್ನೂ ಟೈರಿನ ಆಕಾರದಲ್ಲಿರುವಾಗಲೇ ನಿಲ್ಲಿಸ್ತೀರಿ. ಆಗ ಬಾಟಲಿಯ ಅಂಟು ಕೆಲಸ ಮಾಡುತ್ತೆ.

ಕ್ಯಾರವಾನಿನ ಕಥೆ ಹಾಗಲ್ಲ. ಅದರ ಟೈರು ನಿಮಗಿಂತ ಐದಾರು ಮೀಟರ್ ಹಿಂದೆ, ಇನ್ನೊಂದು ಗಾಡಿಯಲ್ಲಿದೆ. ಸೆನ್ಸರ್ ಬೇರೆ ಹಾಕಿಸದಿದ್ದರೆ ಗಾಳಿ ಇಳಿಯೋದು ನಿಮಗೆ ಗೊತ್ತೇ ಆಗಲ್ಲ. ಒಂದೂವರೆ ಟನ್ ಹತ್ತಿರದ ಭಾರ ಎರಡು ಟೈರಿನ ಮೇಲಿದೆ. ಅಂದ್ರೆ ಪ್ರತಿ ಟೈರೂ ತಾನು ಹೊರಬಹುದಾದ ಮಿತಿಯ ಹತ್ತಿರವೇ ಓಡ್ತಿರುತ್ತೆ. ಹಿಂದಿನ ಕಾರಿನವರು ಲೈಟ್ ಹೊಡೆದು ಸನ್ನೆ ಮಾಡುವ ಹೊತ್ತಿಗೆ ಟೈರು ರಿಮ್ಮಿನ ಕೆಳಗೆ ಸಿಕ್ಕಿ ಚಿಂದಿಯಾಗಿರುತ್ತೆ. ಚಿಂದಿಗೆ ಯಾವ ಅಂಟು ಹಾಕ್ತೀರಿ? ಡಬ್ಬಿಯ ವಾದ ಬಿದ್ದು ಹೋಗೋದು ಇಲ್ಲೇ. ಅದು ಸಣ್ಣ ತೂತಿಗೆ ಮಾಡಿದ ಮದ್ದು. ಕ್ಯಾರವಾನಿನಲ್ಲಿ ಸಣ್ಣ ತೂತು ಅನ್ನೋದು ನಮ್ಮ ಕಣ್ಣಿಗೆ ಬೀಳೋದೇ ಅಪರೂಪ.

ಭಾವನವರಿಗೂ ಹೀಗೇ ಆಯ್ತು. ವೇಲ್ಸ್‌ನ ಎ44 ರಸ್ತೆ, ಲಾಂಗುರಿಗ್ ದಾಟಿ ಸಮುದ್ರದ ಕಡೆಗೆ ಗುಡ್ಡ ಇಳಿಯುವ ಜಾಗ, ಭಾನುವಾರ ಮಧ್ಯಾಹ್ನ. ಎಡಗಡೆ ಟೈರಿನ ಪಕ್ಕದ ಗೋಡೆಯೇ ಸೀಳಿತ್ತು. ಹಾರಿದ ರಬ್ಬರು ಚಕ್ರದ ಮೇಲಿನ ತಗಡನ್ನೂ ಹರಿದು, ಒಳಗಿನ ಕಪಾಟಿನ ತಳಕ್ಕೆ ಬಡಿದಿತ್ತು. ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಇತ್ತು, ಆದರೆ ಕಾರಿನ ಚಕ್ರ ಕ್ಯಾರವಾನಿಗೆ ಕೂರಲ್ಲ. ಅಳತೆ ಬೇರೆ, ಬೋಲ್ಟಿನ ತೂತುಗಳ ಅಂತರ ಬೇರೆ, ಹೊರುವ ಶಕ್ತಿಯೂ ಬೇರೆ. ರಸ್ತೆ ನೆರವಿನ ಕಂಪನಿಗೆ ಫೋನ್ ಮಾಡಿದರೆ, "ನಿಮ್ಮ ಹತ್ತಿರ ಸರಿಯಾದ ಸ್ಟೆಪ್ನಿ ಇದೆಯಾ ಸಾರ್?" ಅನ್ನೋದೇ ಅವರ ಮೊದಲ ಪ್ರಶ್ನೆ. ಇದ್ದರೆ ಬಂದು ಹಾಕಿ ಕೊಡ್ತಾರೆ. ಇಲ್ಲದಿದ್ದರೆ ಎತ್ತಿಕೊಂಡು ಹೋಗೋ ಖರ್ಚು ನಿಮ್ಮದು ಅಂತ ಪಾಲಿಸಿಯ ಸಣ್ಣಕ್ಷರದಲ್ಲಿ ಇತ್ತಂತೆ. ಕ್ಯಾರವಾನನ್ನು ಅಲ್ಲೇ ಬಿಟ್ಟು ಬರೋಕೆ ಮನಸ್ಸಿಲ್ಲದೆ ಅಕ್ಕ, ಭಾವ, ಮಕ್ಕಳು ಸೋಮವಾರ ಟೈರಂಗಡಿ ತೆಗೆಯುವವರೆಗೂ ರಸ್ತೆ ಬದಿಯಲ್ಲೇ ಇದ್ದರು. ಒಂದು ಪುಣ್ಯ ಅಂದ್ರೆ ಮಲಗೋಕೆ ಹಾಸಿಗೆ ಇತ್ತು, ಸ್ವಲ್ಪ ಓರೆಯಾಗಿ!

"ಮೋಟಾರ್‌ವೇಯಲ್ಲಿ ನೀವೇ ಚಕ್ರ ಬದಲಾಯಿಸೋ ಹಾಗಿಲ್ಲವಲ್ಲ, ಮತ್ತೆ ಸ್ಟೆಪ್ನಿ ಯಾಕೆ?" ಅಂತ ಕೇಳುವ ಬುದ್ಧಿವಂತರೂ ಇದ್ದಾರೆ. ಅಲ್ಲಿ ಸಣ್ಣ ರಿಪೇರಿಗೂ ಕೈ ಹಾಕಬೇಡಿ ಅಂತ ಬ್ರಿಟನ್ನಿನ ಹೈವೇ ಕೋಡ್ ಹೇಳೋದು ಹೌದು. ಆದರೆ ಸಹಾಯಕ್ಕೆ ಬರುವವನ ಕೈಗೆ ಕೊಡೋಕಾದರೂ ಒಂದು ಚಕ್ರ ಬೇಡವೇ? ನಿಮ್ಮ ಕ್ಯಾರವಾನಿನ ಅಳತೆಯ ಚಕ್ರ ಅವನ ಗಾಡಿಯಲ್ಲಿ ಇರಲ್ಲ.

ಇದೆಲ್ಲ ನಡೆದದ್ದು ವೇಲ್ಸ್‌ನಲ್ಲಿ ಅನ್ನೋದೇ ತಮಾಷೆ. ನಾವು ಕನ್ನಡದಲ್ಲಿ ಸಲೀಸಾಗಿ ಹೇಳುವ "ಸ್ಟೆಪ್ನಿ" ಹುಟ್ಟಿದ್ದು ಅದೇ ವೇಲ್ಸ್‌ನ ದಕ್ಷಿಣದ ಲನೆಲ್ಲಿ ಊರಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ. ಆಗಿನ ಕಾರುಗಳು ಹೆಚ್ಚುವರಿ ಚಕ್ರ ಇಲ್ಲದೆಯೇ ಬರ್ತಿದ್ದವು. ಪಂಕ್ಚರ್ ಆದರೆ ದಾರಿಯಲ್ಲೇ ಟೈರು ಕಿತ್ತು ತೇಪೆ ಹಾಕಬೇಕಿತ್ತು. 1904ರಲ್ಲಿ ಡೇವಿಸ್ ಸೋದರರು ಅರೆಗಳಿಲ್ಲದ ಬರೀ ರಿಮ್ಮಿಗೆ ಗಾಳಿ ತುಂಬಿದ ಟೈರು ಹಾಕಿ, ಅದನ್ನು ಪಂಕ್ಚರಾದ ಚಕ್ರದ ಪಕ್ಕಕ್ಕೇ ಬಿಗಿಯುವ ಹಾಗೆ ಮಾಡಿದರು. ಆ ಸರಕಿನ ಹೆಸರೇ ನಮ್ಮ ಲಾರಿ ಡ್ರೈವರುಗಳ ಬಾಯಿಗೂ ಬಂತು. ಹುಟ್ಟಿದ ದೇಶದಲ್ಲಿ ಈಗ ಅದನ್ನು ಸ್ಪೇರ್ ವೀಲ್ ಅಂತಾರೆ. ಸ್ಟೆಪ್ನಿ ಅಂದ್ರೆ ಯಾರಿಗೂ ತಿಳಿಯಲ್ಲ.

ಎರಡನೇ ವಾದ ತೂಕದ್ದು. ಇದನ್ನು ನಾನು ತಳ್ಳಿ ಹಾಕೋದಿಲ್ಲ. ಅಲ್ಲಿನ ಎಷ್ಟೋ ಕ್ಯಾರವಾನುಗಳಿಗೆ ನಾವು ತುಂಬಬಹುದಾದ ಸಾಮಾನಿನ ಮಿತಿ ನೂರೈವತ್ತು ಕೆ.ಜಿ. ಆಸುಪಾಸು. ಬ್ಯಾಟರಿಗೆ ಇಪ್ಪತ್ತರ ಮೇಲೆ, ನಿಲ್ಲಿಸುವಾಗ ದೂಡೋಕೆ ಮೋಟಾರು ಹಾಕಿಸಿದ್ದರೆ ಅದಕ್ಕೆ ಮೂವತ್ತು, ಮುಂದೆ ಕಟ್ಟುವ ಬಟ್ಟೆಯ ಚಪ್ಪರ, ಗ್ಯಾಸು... ಲೆಕ್ಕ ಬೇಗ ಮುಗಿಯುತ್ತೆ. ಸ್ಟೆಪ್ನಿಗೆ ಇಪ್ಪತ್ತು ಕೆ.ಜಿ. ಹೋಗುತ್ತೆ ಅಂದ್ರೆ ಸಂಕಟ ಆಗೋದು ಸಹಜ. ಮಿತಿ ಮೀರಿಸೋದಂತೂ ಬೇಡ, ಟೈರು ಸಿಡಿಯೋದಕ್ಕೆ ಅದೂ ಒಂದು ಕಾರಣ. ಆದರೆ ಪಟ್ಟಿಯಲ್ಲಿ ಮೊದಲು ಹೊಡೆದು ಹಾಕೋದು ಸ್ಟೆಪ್ನಿಯನ್ನೇ ಯಾಕೆ? ನಮ್ಮಕ್ಕನ ಕ್ಯಾರವಾನಿನಲ್ಲಿ ವೆಟ್ ಗ್ರೈಂಡರ್ ಹೋಗುತ್ತೆ ಕಣ್ರೀ! ಅದರ ಜೊತೆಗೆ ಹತ್ತು ಕೆ.ಜಿ. ಸೋನಾ ಮಸೂರಿ. ಅಕ್ಕಿ ಅಲ್ಲೂ ಸಿಗುತ್ತೆ. 185ರ ಟೈರು ಕೂರಿಸಿದ ಐದು ಬೋಲ್ಟಿನ ಚಕ್ರ ಭಾನುವಾರ ಗುಡ್ಡದ ಮೇಲೆ ಸಿಗಲ್ಲ.

ಬೇಸಿಗೆಯಿಡೀ ಒಂದೇ ಕಡೆ, ಮನೆಯಿಂದ ಹತ್ತು ಮೈಲಿ ಒಳಗೆ ನಿಲ್ಲಿಸಿ ಇಡುವವರು ಸ್ಟೆಪ್ನಿ ಬಿಟ್ಟರೆ ನಾನು ಜಗಳಕ್ಕೆ ಬರಲ್ಲ. ಸ್ಟೆಪ್ನಿಯನ್ನು ಹೆಸರಿಗೆ ಮಾತ್ರ ಇಟ್ಟುಕೊಂಡವರ ಬಗ್ಗೆ ಮಾತ್ರ ನನಗೆ ಬಿಟ್ಟವರಷ್ಟೇ ತಕರಾರಿದೆ. ಕ್ಯಾರವಾನಿನ ಟೈರು ಸವೆದು ಹಾಳಾಗಲ್ಲ, ನಿಂತು ನಿಂತು ಹಾಳಾಗುತ್ತೆ. ಗುಂಡಿ ಹೊಸದರಂತೆ ಆಳವಾಗಿದ್ದರೂ ರಬ್ಬರು ಒಣಗಿ ಬಿರುಕು ಬಿಟ್ಟಿರುತ್ತೆ. ಐದು ವರ್ಷಕ್ಕೆ ಬದಲಾಯಿಸಿ, ಏಳು ದಾಟಿಸಬೇಡಿ ಅನ್ನೋದು ಅಲ್ಲಿ ಸಾಮಾನ್ಯವಾಗಿ ಕೊಡುವ ಸಲಹೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತಲ್ಲ, ಉದಾಹರಣೆಗೆ 3118 ಅಂದ್ರೆ 2018ರ 31ನೇ ವಾರ ಮಾಡಿದ್ದು. ತಳದಲ್ಲಿ ನೇತು ಹಾಕಿದ ಸ್ಟೆಪ್ನಿಯ ಅಂಕಿಯನ್ನು ಎಷ್ಟು ಜನ ಮಲಗಿ ಓದಿದ್ದಾರೆ? ಅದನ್ನು ಹಿಡಿದಿರುವ ಕಬ್ಬಿಣದ ಚೌಕಟ್ಟು ತುಕ್ಕು ಹಿಡಿದು ಜಾಮ್ ಆಗಿರೋದೂ ಉಂಟು. ಕ್ಯಾರವಾನಿಗೆ ತಕ್ಕ ಜಾಕ್ ಇಲ್ಲದಿದ್ದರೆ, ಅಲಾಯ್ ಚಕ್ರದ ಬೋಲ್ಟು ಸ್ಟೀಲ್ ಸ್ಟೆಪ್ನಿಗೆ ಆಗದೆ ಬೇರೆಯದು ಬೇಕಾಗಿದ್ದರೆ, ಆ ಇಪ್ಪತ್ತು ಕೆ.ಜಿ. ಬರೀ ಹೊರೆ.

ಭಾವ ಈಗ ಸ್ಟೀಲ್ ಚಕ್ರ, ಹೊಸ ಟೈರು, ಜಾಕ್ ಎಲ್ಲ ತಂದಿದ್ದಾರೆ. ಅಕ್ಕಿಮೂಟೆ ಮನೆಯಲ್ಲೇ ಉಳೀತು. ಹೋದ ತಿಂಗಳು ಮನೆ ಮುಂದೆಯೇ ಒಮ್ಮೆ ಚಕ್ರ ಬಿಚ್ಚಿ ಹಾಕಿ ಅಭ್ಯಾಸ ಮಾಡಿದರಂತೆ. ಐವತ್ತು ನಿಮಿಷ ಹಿಡೀತು, ಅದರಲ್ಲಿ ಇಪ್ಪತ್ತು ನಿಮಿಷ ಸ್ಟೆಪ್ನಿಯನ್ನು ತಳದಿಂದ ಈಚೆ ಎಳೆಯೋಕೇ ಹೋಯ್ತು ಅಂತ ಫೋನಿನಲ್ಲಿ ಹೇಳಿದರು.