ಲಸಾಅ, ಲಸಾಗು ಮತ್ತು ಹಾಸ್ಟೆಲ್ಲಿನ ಮೊದಲ ವಾರ

ಮಕ್ಕಳನ್ನು ವಸತಿ ಶಾಲೆಗೆ ಸೇರಿಸಿದ ಮನೆಗಳಲ್ಲಿ ಮೊದಲ ವಾರದ ಫೋನು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಊಟ ಸೇರಿತಾ, ನಿದ್ದೆ ಬಂತಾ, ಪಕ್ಕದ ಮಂಚದವರು ಯಾರು. ಆಮೇಲೆ ಒಂದು ಕ್ಷಣ ಸುಮ್ಮನಿದ್ದು, ‘ಮ್ಯಾಥ್ಸ್‌ಗೆ ಯಾವ ಸೆಕ್ಷನ್ ಕೊಟ್ಟರು?’ ಸಮಾಜ ವಿಜ್ಞಾನದ ಬಗ್ಗೆ ಯಾರೂ ಹೀಗೆ ಕೇಳುವುದಿಲ್ಲ. ಗಣಿತದ ಸೆಕ್ಷನ್ ಮಾತ್ರ ಮಗುವಿನ ಮುಂದಿನ ಹತ್ತು ವರ್ಷದ ಜಾತಕವೋ ಎಂಬಂತೆ ನಮ್ಮ ದನಿ ಇಳಿಯುತ್ತದೆ.

ಈ ಭಯವನ್ನು ನಮ್ಮ ಕಾದಂಬರಿ, ಸಿನಿಮಾಗಳು ಹೇಗೆ ಕಂಡಿವೆ ಎಂದು ನೋಡುವುದು ಇಲ್ಲಿಯ ಉದ್ದೇಶ. ನನಗೆ ಹೇಳಬೇಕಾಗಿರುವುದು ಇಷ್ಟು. ಗಣಿತ ಮತ್ತು ಶಾಲೆಯ ಬಗ್ಗೆ ಬಂದ ಜನಪ್ರಿಯ ಕೃತಿಗಳು ‘ಈ ಮಗು ಜಾಣನೋ ದಡ್ಡನೋ’ ಎಂಬ ಪ್ರಶ್ನೆಯ ಸುತ್ತಲೇ ತಿರುಗುತ್ತವೆ. ಹೊಸ ಶಾಲೆಗೆ ಹೋದ ಮಗುವಿನ ಕಷ್ಟ ಅದಕ್ಕಿಂತ ಮುಂಚೆ ಶುರುವಾಗುತ್ತದೆ. ಲೆಕ್ಕವನ್ನು ಯಾವ ಭಾಷೆಯಲ್ಲಿ ಕೇಳುತ್ತಿದ್ದಾರೆ? ನಾನು ಉತ್ತರಕ್ಕೆ ಹೋದ ದಾರಿಯನ್ನು ಯಾರಾದರೂ ಕೇಳಿಸಿಕೊಳ್ಳುತ್ತಾರಾ? ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಓದಿದರೆ ಹಳೆಯ ಕೃತಿಗಳೂ ಬೇರೆಯಾಗಿ ಕಾಣುತ್ತವೆ.

ಕೇರಳದಲ್ಲಿ ಕೂತು ಬರೆಯುವವರು ‘ಸ್ಫಟಿಕಂ’ನಿಂದಲೇ ಶುರು ಮಾಡಬೇಕು. ಭದ್ರನ್ ನಿರ್ದೇಶನದ ಈ ಮಲಯಾಳಂ ಸಿನಿಮಾ ಬಂದದ್ದು 1995ರಲ್ಲಿ. 2023ರ ಫೆಬ್ರವರಿಯಲ್ಲಿ ಹೊಸ ಮುದ್ರಣದಲ್ಲಿ ಮತ್ತೆ ಥಿಯೇಟರಿಗೆ ಬಂತು. ನಾನಿರುವ ಪಾಲಾರಿವಟ್ಟಂನಂಥ ಕಡೆ, ಕಾಕ್ಕನಾಡಿನ ಇನ್‌ಫೋಪಾರ್ಕಿಗೆ ದಿನಾ ಹೋಗಿಬರುವ ನಮ್ಮಂಥ ಹೊರಗಿನವರಿಗೆ ಮಲಯಾಳಿ ಸಹೋದ್ಯೋಗಿಗಳು ಮೊದಲು ಶಿಫಾರಸು ಮಾಡುವ ಸಿನಿಮಾಗಳಲ್ಲಿ ಇದೂ ಒಂದು. ತಿಲಕನ್ ಮಾಡಿದ ಚಾಕೋ ಮಾಸ್ತರರು ಗಣಿತದ ಮೇಷ್ಟ್ರು. ಗಣಿತ ಬಾರದವನಿಗೆ ಬದುಕೇ ಬಾರದು ಎಂದು ನಂಬಿದವರು. ಮೋಹನ್‌ಲಾಲ್ ಮಾಡಿದ ಮಗ ತೋಮಾ ಯಂತ್ರಗಳ ಹುಚ್ಚಿನ ಹುಡುಗ. ಅಪ್ಪನ ಹೋಲಿಕೆ ಮತ್ತು ಹೊಡೆತ ತಾಳದೆ ಮನೆ ಬಿಟ್ಟು ಓಡಿಹೋಗುತ್ತಾನೆ, ಊರಿಗೆ ಪುಂಡನಾಗಿ ಮರಳುತ್ತಾನೆ.

ಸಿನಿಮಾ ಅಪ್ಪನ ವಿರುದ್ಧ ನಿಲ್ಲುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಲ್ಲುತ್ತದೆ ನಿಜ. ಆದರೆ ಅದು ಮಗನ ಪರವಾಗಿ ಕೊಡುವ ಸಾಕ್ಷಿ ಯಾವುದು? ಇವನಿಗೆ ಗಣಿತ ಬಾರದಿದ್ದರೂ ಯಂತ್ರ ಬರುತ್ತದೆ, ಅಂದರೆ ಇವನು ದಡ್ಡನಲ್ಲ ಎನ್ನುವುದು. ಚಾಕೋ ಮಾಸ್ತರರ ತಕ್ಕಡಿಯನ್ನು ಸಿನಿಮಾ ಒಡೆಯುವುದಿಲ್ಲ, ಅದರಲ್ಲಿ ಬೇರೆ ತೂಕದ ಕಲ್ಲು ಇಡುತ್ತದೆ ಅಷ್ಟೆ. ಆ ಹುಡುಗ ಒಂದು ಲೆಕ್ಕವನ್ನು ಹೇಗೆ ಯೋಚಿಸಿದ, ಎಲ್ಲಿ ಎಡವಿದ ಎಂಬ ಕಡೆಗೆ ಅದರ ಕಣ್ಣು ಹೋಗುವುದಿಲ್ಲ. ಕಣ್ಣೆಲ್ಲ ಅಪ್ಪ ಮಗನ ಹಗೆಯ ಮೇಲೆ.

‘ತಾರೇ ಜಮೀನ್ ಪರ್’ (2007) ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿ ವಸತಿ ಶಾಲೆಯೇ ಇದೆ. ಎಂಟು ವರ್ಷದ ಇಶಾನ್ ಮೂರನೇ ತರಗತಿಯಲ್ಲೇ ಎರಡನೇ ಸಲ ಕೂತವನು. ಮೂರನ್ನು ಒಂಬತ್ತರಿಂದ ಗುಣಿಸುವ ಲೆಕ್ಕ ಬಂದಾಗ ಅವನ ತಲೆಯಲ್ಲಿ ಮೂರನೇ ಗ್ರಹ ಒಂಬತ್ತನೇ ಗ್ರಹದತ್ತ ಹೊರಡುತ್ತದೆ, ಡಿಕ್ಕಿಯಲ್ಲಿ ಪ್ಲೂಟೊ ಪುಡಿಯಾಗುತ್ತದೆ, ಉತ್ತರ ಮೂರು ಎಂದು ಬರೆಯುತ್ತಾನೆ. ಇಡೀ ಸಿನಿಮಾದಲ್ಲಿ ನನಗೆ ಇಷ್ಟವಾದ ದೃಶ್ಯ ಇದು. ತಪ್ಪು ಉತ್ತರದ ಹಿಂದೆ ಒಂದು ದಾರಿ ಇತ್ತು ಎಂಬುದನ್ನು ನಾವು ನೋಡುತ್ತೇವೆ. ಅವನ ಮೇಷ್ಟ್ರು ನೋಡುವುದಿಲ್ಲ. ಆದರೆ ಸಿನಿಮಾ ಮುಗಿಯುವ ಹೊತ್ತಿಗೆ ಆ ಹುಡುಗನನ್ನು ಚಿತ್ರಕಲೆಯ ಸ್ಪರ್ಧೆಯಲ್ಲಿ ಗೆಲ್ಲಿಸಲೇಬೇಕಾಗುತ್ತದೆ. ಒಂದು ಸಾಲಿನ ಕೊನೆಯಲ್ಲಿದ್ದವನನ್ನು ಎತ್ತಿ ಇನ್ನೊಂದು ಸಾಲಿನ ಮೊದಲಿಗೆ ನಿಲ್ಲಿಸಿದಂತೆ. ಯಂತ್ರವೂ ಬಾರದ, ಚಿತ್ರವೂ ಬಾರದ, ಸುಮ್ಮನೆ ಗಣಿತದಲ್ಲಿ ಒಂದು ಮೆಟ್ಟಿಲು ಹಿಂದಿರುವ ಮಗುವಿಗೆ ಈ ಎರಡೂ ಸಿನಿಮಾಗಳು ಹೇಳುವುದು ಏನೂ ಇಲ್ಲ. ನಮ್ಮ ಮನೆಗಳ ಮಕ್ಕಳಲ್ಲಿ ಹೆಚ್ಚಿನವರು ಅಂಥವರೇ.

ಮೈಸೂರಿನ ಆರ್.ಕೆ. ನಾರಾಯಣ್ ಈ ವಿಷಯದಲ್ಲಿ 1935ರಲ್ಲೇ ಮುಂದಿದ್ದರು. ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಅಪ್ಪ ಮಗನಿಗೆ ಮಾವಿನಹಣ್ಣಿನ ಲೆಕ್ಕ ಕೊಡುತ್ತಾರೆ. ಹತ್ತು ಹಣ್ಣಿನ ಬೆಲೆ ಕೊಟ್ಟು ನಾಲ್ಕರ ಬೆಲೆ ಕೇಳುವ ಸಾದಾ ಲೆಕ್ಕ. ಸ್ವಾಮಿಗೆ ಬರುವ ಸಂಶಯ ಹಣ್ಣು ಮಾಗಿದೆಯೋ ಇಲ್ಲವೋ ಎನ್ನುವುದು. ಓದಿ ನಗುತ್ತೇವೆ. ಆದರೆ ಸಂತೆಯಲ್ಲಿ ಬೆಲೆ ನಿಲ್ಲುವುದು ಹಣ್ಣಿನ ಮೇಲೆಯೇ ತಾನೆ? ಸ್ವಾಮಿ ಲೆಕ್ಕದ ವಾಕ್ಯವನ್ನು ಬದುಕಿನ ವಾಕ್ಯವಾಗಿ ಓದುತ್ತಾನೆ. ಲೆಕ್ಕದ ಭಾಷೆಯಲ್ಲಿ ಕೆಲವು ಮಾತುಗಳನ್ನು ಕೇಳಬಾರದು ಎಂಬ ಒಪ್ಪಂದ ಅವನಿಗೆ ಗೊತ್ತಿಲ್ಲ. ಅವನ ತೊಡಕು ಸಂಖ್ಯೆಯಲ್ಲಿ ಇಲ್ಲ, ವಾಕ್ಯದಲ್ಲಿದೆ. ನಾರಾಯಣ್ ಅದಕ್ಕೆ ಪರಿಹಾರ ಕೊಡಲು ಹೋಗದೆ, ಹುಡುಗನನ್ನು ಬೇರೆ ಯಾವುದರಲ್ಲೂ ಗೆಲ್ಲಿಸದೆ, ಆ ಸಂಶಯವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುತ್ತಾರೆ.

ವಸತಿ ಶಾಲೆ ಮತ್ತು ಗಣಿತ ನೇರವಾಗಿ ಎದುರಾಗುವ ಕಾದಂಬರಿ ಎಂದರೆ ರಾಬರ್ಟ್ ಮುಸಿಲ್ 1906ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ‘ಟೋರ್ಲೆಸ್’. ಮುಸಿಲ್ ಸ್ವತಃ ಆಸ್ಟ್ರಿಯಾದ ಸೈನಿಕ ವಸತಿ ಶಾಲೆಗಳಲ್ಲಿ ಬೆಳೆದವನು. ಅವನ ಹುಡುಗ ಟೋರ್ಲೆಸ್‌ಗೆ ಕಾಲ್ಪನಿಕ ಸಂಖ್ಯೆಗಳು ಕಾಡುತ್ತವೆ. ಇಲ್ಲದ ಸಂಖ್ಯೆಯನ್ನು ಇಟ್ಟುಕೊಂಡು ಲೆಕ್ಕ ಮಾಡಿ ಕೊನೆಗೆ ಇರುವ ಉತ್ತರಕ್ಕೆ ಬರುವುದು ಹೇಗೆ? ಧೈರ್ಯ ಮಾಡಿ ಮೇಷ್ಟ್ರ ಕೋಣೆಗೆ ಹೋಗುತ್ತಾನೆ. ಮೇಷ್ಟ್ರು ಕಾಂಟ್‌ನ ಪುಸ್ತಕವೊಂದನ್ನು ತೋರಿಸಿ, ಇದೆಲ್ಲ ಅರ್ಥವಾಗಲು ಇನ್ನೂ ಕಾಲ ಬೇಕು, ಈಗ ನಂಬಿಕೊಂಡು ಮುಂದೆ ಹೋಗು ಎನ್ನುವ ಅರ್ಥದಲ್ಲಿ ಮಾತಾಡಿ ಕಳಿಸುತ್ತಾರೆ. ಆ ಹುಡುಗ ತರಗತಿಯಲ್ಲಿ ಹಿಂದುಳಿದವನಲ್ಲ, ಅವನ ಪ್ರಶ್ನೆಯೂ ಒಳ್ಳೆಯದೇ. ಆದರೂ ಅದಕ್ಕೆ ಅಲ್ಲಿ ಜಾಗವಿಲ್ಲ. ಮನೆಯಿಂದ ದೂರ ಇರುವುದರ ಕಷ್ಟ ಇಲ್ಲಿ ಕಾಣುತ್ತದೆ. ಊರಿನಲ್ಲಿದ್ದರೆ ಅಣ್ಣನನ್ನೋ ಪಕ್ಕದ ಮನೆಯವರನ್ನೋ ಕೇಳಬಹುದಿತ್ತು. ಹಾಸ್ಟೆಲ್ಲಿನಲ್ಲಿ ಇರುವುದು ಅದೊಂದೇ ಬಾಗಿಲು.

ಕನ್ನಡದಲ್ಲಿ ಹಾಸ್ಟೆಲ್ ಎಂದರೆ ನೆನಪಾಗುವುದು ದಲಿತ ಆತ್ಮಕಥನಗಳು, ಅದರಲ್ಲೂ ಸಿದ್ಧಲಿಂಗಯ್ಯನವರ ‘ಊರು ಕೇರಿ’. ಅಲ್ಲಿ ಹಾಸ್ಟೆಲ್ಲು ಅನ್ನದ ಜಾಗ, ಗೆಳೆತನದ ಜಾಗ, ಮೊದಲ ಸಲ ತಲೆಯೆತ್ತಿ ಮಾತಾಡಿದ ಜಾಗ. ಆ ತಲೆಮಾರಿಗೆ ಮೊದಲ ಪ್ರಶ್ನೆ ಬಾಗಿಲು ತೆರೆಯುತ್ತದಾ ಎಂಬುದಾಗಿತ್ತು. ಒಳಗೆ ಹೋದ ಮೇಲೆ ಯಾವ ಬೆಂಚು ಎಂಬ ಪ್ರಶ್ನೆ ಆಮೇಲಿನದು. ಅದನ್ನು ಬರೆಯುವ ಸರದಿ ಈಗ ಬಂದಿದೆ.

ಅದಕ್ಕೆ ಬೇಕಾದ ವಸ್ತು ಕಾಸರಗೋಡಿನಲ್ಲೇ ಇದೆ. ಅಲ್ಲಿಯ ಕನ್ನಡ ಮಾಧ್ಯಮದ ಮಗುವಿಗೆ 12 ಮತ್ತು 18ರ ಲ.ಸಾ.ಅ. 36 ಎಂದು ಗೊತ್ತು. ಮಲಯಾಳಂ ಮಾಧ್ಯಮದ ಪಕ್ಕದ ಮನೆಯ ಮಗುವಿಗೆ ಅದು ಲ.ಸಾ.ಗು. ನಮ್ಮ ಮ.ಸಾ.ಅ. ಅವರಿಗೆ ಉ.ಸಾ.ಘ. ನಮ್ಮ ಭಿನ್ನರಾಶಿ ಅವರಿಗೆ ಭಿನ್ನಸಂಖ್ಯೆ. ಛೇದವೂ ಅಂಶವೂ ಇಬ್ಬರಿಗೂ ಸಮಾನ. ಈ ಇಬ್ಬರೂ ಪೆರಿಯದಲ್ಲಿರುವ ಜವಾಹರ್ ನವೋದಯ ವಿದ್ಯಾಲಯಕ್ಕೆ ಆರನೇ ತರಗತಿಗೆ ಆಯ್ಕೆಯಾದರು ಎಂದುಕೊಳ್ಳಿ. ಪ್ರವೇಶ ಪರೀಕ್ಷೆಯನ್ನು ತಮ್ಮ ಭಾಷೆಯಲ್ಲೇ ಬರೆಯಬಹುದು. ಆದರೆ ನವೋದಯದ ಕ್ರಮದಲ್ಲಿ ಏಳನೆಯದೋ ಎಂಟನೆಯದೋ ಮುಗಿದ ಮೇಲೆ ಗಣಿತ ಇಂಗ್ಲಿಷಿಗೆ ಹೊರಳುತ್ತದೆ. ಲ.ಸಾ.ಅ.ವೂ ಲ.ಸಾ.ಗು.ವೂ ಎಲ್‌ಸಿಎಂ ಆಗುತ್ತವೆ. 36 ಮಾತ್ರ 36 ಆಗಿಯೇ ಇರುತ್ತದೆ. ಆ ತಿಂಗಳುಗಳಲ್ಲಿ ಸುಮ್ಮನೆ ಕೂತ ಮಗುವನ್ನು ನೋಡಿ ‘ಮ್ಯಾಥ್ಸ್ ವೀಕ್’ ಎಂದು ಬರೆಯುವುದು ಸುಲಭ. ಬರೆಯುವವರು ಅಳೆದದ್ದು ಶಬ್ದಕೋಶವನ್ನು.

ಹಣೆಪಟ್ಟಿಗೆ ಬೆಲೆಯೂ ಇದೆ. ಸಿಬಿಎಸ್‌ಇ 2020ರ ಹತ್ತನೇ ತರಗತಿಯ ಪರೀಕ್ಷೆಯಿಂದ ಗಣಿತಕ್ಕೆ ಸ್ಟಾಂಡರ್ಡ್ ಮತ್ತು ಬೇಸಿಕ್ ಎಂದು ಎರಡು ಪ್ರಶ್ನೆಪತ್ರಿಕೆ ತಂದಿತು. ಪಠ್ಯ ಒಂದೇ, ಪ್ರಶ್ನೆಗಳ ಮಟ್ಟ ಬೇರೆ. ಒತ್ತಡ ಇಳಿಸುವುದು ಉದ್ದೇಶ. ಆದರೆ ಮೊದಲ ನಿಯಮದ ಪ್ರಕಾರ ಬೇಸಿಕ್ ಬರೆದವರು ಹನ್ನೊಂದರಲ್ಲಿ ಗಣಿತ ಬೇಕೆಂದರೆ ಸ್ಟಾಂಡರ್ಡ್ ಪತ್ರಿಕೆಯನ್ನೂ ಪಾಸು ಮಾಡಬೇಕಿತ್ತು. ಕೋವಿಡ್ ಕಾಲದಲ್ಲಿ ಅದನ್ನು ಸಡಿಲಿಸಿದರು. ಎಂಟನೆಯಲ್ಲಿ ಭಾಷೆಯ ಕಾರಣಕ್ಕೆ ಹಿಂದಿನ ಬೆಂಚಿಗೆ ಹೋದವಳು ಹತ್ತರಲ್ಲಿ ಬೇಸಿಕ್ ಆರಿಸಿಕೊಂಡರೆ ಅದನ್ನು ಅವಳ ಆಯ್ಕೆ ಎನ್ನುತ್ತೇವೆ.

ನಮ್ಮ ಪಾಲಾರಿವಟ್ಟಂನ ಮೇಲ್ಸೇತುವೆ 2016ರಲ್ಲಿ ತೆರೆಯಿತು, ದೋಷ ಕಂಡು 2019ರಲ್ಲಿ ಮುಚ್ಚಿತು, ಮೇಲ್ಭಾಗವನ್ನು ತೆಗೆದು ಮತ್ತೆ ಕಟ್ಟಿ 2021ರ ಮಾರ್ಚಿನಲ್ಲಿ ಬಿಟ್ಟರು. ಕಾಂಕ್ರೀಟಿಗೂ ಎರಡನೇ ಸಲ ನೋಡುವ ಅವಕಾಶ ಸಿಕ್ಕಿತು. ಹಾಗಾಗಿ ಮೊದಲ ವಾರದ ಫೋನಿನಲ್ಲಿ ಕೇಳಬೇಕಾದದ್ದು ಬೇರೆ ಎಂದು ನನಗನ್ನಿಸುತ್ತದೆ. ಸೆಕ್ಷನ್ ಯಾವುದು ಎಂಬುದನ್ನು ಮಗುವಿಗೆ ಕೇಳುವ ಬದಲು, ಸೆಕ್ಷನ್ ಮತ್ತೆ ಯಾವಾಗ ನೋಡುತ್ತೀರಿ, ಪರೀಕ್ಷೆಯ ವಾಕ್ಯಗಳನ್ನು ಅವಳಿಗೆ ಗೊತ್ತಿರುವ ಭಾಷೆಯಲ್ಲಿ ಒಮ್ಮೆ ಓದಿ ಹೇಳಿದಿರಾ ಎಂದು ಶಾಲೆಯನ್ನು ಕೇಳಬೇಕು. ಮಗುವಿಗೆ ಕೇಳುವುದಾದರೆ, ‘ಇವತ್ತು ಯಾವ ಲೆಕ್ಕ ಮಾಡಿದೆ, ಹೇಗೆ ಮಾಡಿದೆ, ಹೇಳು’ ಎಂದರೆ ಸಾಕು. ಕನ್ನಡದಲ್ಲೇ ಹೇಳಲಿ.

ಇದು ಹೊಸ ಮಾತೇನಲ್ಲ. ಸುಮಾರು 1530ರಲ್ಲಿ ಜ್ಯೇಷ್ಠದೇವ ಇದೇ ಕೇರಳದಲ್ಲಿ ‘ಯುಕ್ತಿಭಾಷಾ’ ಬರೆದಾಗ ಸಂಸ್ಕೃತವನ್ನು ಬಿಟ್ಟು ಮಲಯಾಳಂ ಗದ್ಯವನ್ನು ಹಿಡಿದ. ಫಲಿತಾಂಶದ ಜೊತೆ ಅಲ್ಲಿಗೆ ಹೋಗುವ ದಾರಿಯನ್ನೂ, ಅಂದರೆ ಯುಕ್ತಿಯನ್ನೂ ವಿವರಿಸಿದ. ಅದಕ್ಕೂ ಮುಂಚೆ 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದಿದ್ದ. ಎರಡೂ ಭಾಷೆಗಳಿಗೆ ಲೆಕ್ಕ ಹೇಳುವ ಬಾಯಿ ಬಹಳ ಹಿಂದೆಯೇ ಇತ್ತು. ಆ ಬಾಯಿಯನ್ನು ಹಾಸ್ಟೆಲ್ಲಿನ ಗೇಟಿನಲ್ಲಿ ಬಿಟ್ಟು ಒಳಗೆ ಹೋಗಬೇಕಾದ ಮಗುವಿನ ಕತೆಯನ್ನು ಚಾಕೋ ಮಾಸ್ತರರ ಬೆತ್ತವಾಗಲಿ ಇಶಾನನ ಬಹುಮಾನವಾಗಲಿ ಹೇಳಲಾರವು. ಅದನ್ನು ಬರೆಯುವವರು ಬಹುಶಃ ಈಗ ಎಲ್ಲೋ ಎಂಟನೇ ತರಗತಿಯಲ್ಲಿ, ಹಿಂದಿನ ಬೆಂಚಿನಲ್ಲಿ, ಎಲ್‌ಸಿಎಂ ಎಂದರೆ ಏನೆಂದು ಪಕ್ಕದವಳನ್ನು ಕೇಳುತ್ತಿದ್ದಾರೆ.