ಆಚಾರ್ಯರ ಲೆಕ್ಕದ ಪುಸ್ತಕ

ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನಕ್ಕೆ ಪ್ರದಕ್ಷಿಣೆ ಹಾಕಿ ಬಂದವರಿಗೆ ಮಡಿ, ಪಂಕ್ತಿ, ಸೂತಕ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ‘ಸಂಸ್ಕಾರ’ ಚಿತ್ರವನ್ನು ಹೊರಗಿನವರಿಗೆ ಪರಿಚಯಿಸುವಾಗ ಮೊದಲ ಅರ್ಧ ಗಂಟೆ ನಡೆಯುವ ಮಾಧ್ವ ಆಚಾರದ ಪಾಠ ಕೋಲಾರ ಸೀಮೆಯ ನೋಡುಗನಿಗೆ ಅನಗತ್ಯ. ಅವನು ಕೇಳಬೇಕಾದ ಪ್ರಶ್ನೆ ಬೇರೆ. ಐದು ದಶಕಗಳಿಂದ ‘ಧೈರ್ಯದ ಚಿತ್ರ’ ಎನಿಸಿಕೊಂಡು ಬಂದ ಇದು, ಒಳಿತು ಕೆಡುಕಿನ ವಿಚಾರಕ್ಕೆ ಬಂದಾಗ ಎಷ್ಟು ಧೈರ್ಯ ತೋರಿತು?

ಹೆಸರು ಬಂದದ್ದು ಸುಮ್ಮನೆ ಅಲ್ಲ, ನಿಜ. 1970ರಲ್ಲಿ ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಯಿತು, ಕೇಂದ್ರ ಸಚಿವಾಲಯ ಬಿಡಿಸಿತು, ಆಮೇಲೆ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿ ಕನ್ನಡಕ್ಕೆ ಮೊದಲ ಸಲ ಬಂತು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ನೆಲ್ಲೂರಿನ ಕಡೆಯವರು, ತೆಲುಗು ಕವಿ. ಮನೆಯಲ್ಲಿ ತೆಲುಗು, ಇಸ್ಕೂಲಿನಲ್ಲಿ ಕನ್ನಡ ಎಂದು ಬೆಳೆದ ಶ್ರೀನಿವಾಸಪುರದವರಿಗೆ ಇದರಲ್ಲಿ ಸೋಜಿಗವೇನೂ ಕಾಣದು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಸಂಗೀತ ರಾಜೀವ ತಾರಾನಾಥರದು. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ಮಾಡಿದವರು ಗಿರೀಶ ಕಾರ್ನಾಡರು. ಇವರ ಯಾರ ಕೆಲಸದಲ್ಲೂ ಹುಡುಕಿ ಹೇಳುವಂಥ ಕೊರೆಯಿಲ್ಲ. ಎಡವಟ್ಟಾಗಿರುವುದು ಚಿತ್ರಕ್ಕೆ ಮೂಲವಾದ ಅನಂತಮೂರ್ತಿಯವರ ಕಾದಂಬರಿಯ ಮೊದಲ ಪುಟಗಳನ್ನು ತೆರೆಗೆ ತರುವಲ್ಲೇ.

1965ರ ಆ ಪುಸ್ತಕವನ್ನು ಅನಂತಮೂರ್ತಿ ಶುರು ಮಾಡುವುದು ಆಚಾರ ಮುರಿದ ಬ್ರಾಹ್ಮಣ ನಾರಣಪ್ಪನ ಹೆಣದಿಂದಲ್ಲ, ಸ್ನಾನದಿಂದ. ರೋಗಿಷ್ಠೆ ಹೆಂಡತಿ ಭಾಗೀರಥಿಯ ಒಣಗಿದ ಮೈಯನ್ನು ಆಚಾರ್ಯರು ತೊಳೆಯುತ್ತಾರೆ, ಗಂಜಿ ಕುಡಿಸುತ್ತಾರೆ. ಊರಿನ ಕಣ್ಣಿಗೆ ಅದು ಮಹಾತ್ಯಾಗ. ಆದರೆ ಕಾದಂಬರಿ ಅವರ ಮನಸ್ಸಿನೊಳಗೆ ಹೊಕ್ಕು ಇನ್ನೊಂದನ್ನೂ ತೋರಿಸುತ್ತದೆ. ಇಂಥವಳನ್ನು ಕೈಹಿಡಿದದ್ದರಿಂದಲೇ ತಾನು ಪಕ್ವವಾಗುತ್ತಿದ್ದೇನೆ, ಮೋಕ್ಷಕ್ಕೆ ಹತ್ತಿರವಾಗುತ್ತಿದ್ದೇನೆ ಎಂಬ ತೃಪ್ತಿ ಅವರಿಗಿದೆ. ಹೆಂಡತಿಯ ಕಾಯಿಲೆ ಆಚಾರ್ಯರ ಪಾಲಿಗೆ ಬಡ್ಡಿಗಿಟ್ಟ ಗಂಟು. ಸದ್ಗುಣದ ಹೊಟ್ಟೆಯೊಳಗೇ ಕೂತ ಈ ಲೆಕ್ಕಾಚಾರವೇ ‘ಸಂಸ್ಕಾರ’ದ ಮೊದಲ ಕೆಡುಕು, ನಾರಣಪ್ಪನ ಮಾಂಸ ಹೆಂಡಗಳೆಲ್ಲ ಅದಾದ ಮೇಲಿನ ಮಾತು. ಆಚಾರ್ಯರು ಬೀಳುವುದು ಕಾಡಿನಲ್ಲಿ ನಾರಣಪ್ಪನ ಸಂಗಾತಿ ಚಂದ್ರಿಯ ಮಡಿಲಿನಲ್ಲಲ್ಲ. ಆ ಸ್ನಾನದ ಹೊತ್ತಿಗಾಗಲೇ ಬಿದ್ದಿದ್ದಾರೆ, ಯಾರಿಗೂ ಗೊತ್ತಾಗಿಲ್ಲ ಅಷ್ಟೆ.

ಇದನ್ನು ಕ್ಯಾಮೆರಾ ಹೇಗೆ ತೋರಿಸಬೇಕು? ಹೆಂಡತಿಗೆ ಗಂಜಿ ಕುಡಿಸುವ ಗಂಡ ತೆರೆಯ ಮೇಲೆ ಬಂದರೆ ನೋಡುವವರ ಕರುಳು ಚುರುಕ್ ಎನ್ನುತ್ತದೆ, ಮುಗಿಯಿತು. ಕಾರ್ನಾಡರಿಗೆ ಆಗ ಮೂವತ್ತು ದಾಟಿ ಒಂದೆರಡು ವರ್ಷ. ಬೋಳಿಸಿದ ತಲೆ, ಜುಟ್ಟು, ಶಾಂತ ಕಣ್ಣು. ಆ ಮುಖದಲ್ಲಿ ಸಂಕಟ ಕಾಣುತ್ತದೆ, ಲೆಕ್ಕದ ಪುಸ್ತಕ ಕಾಣುವುದಿಲ್ಲ. ಹಾಗಾಗಿ ಚಿತ್ರದಲ್ಲಿ ಒಬ್ಬ ಒಳ್ಳೆಯವನು ಜಾರಿಬೀಳುತ್ತಾನೆ. ಕಾದಂಬರಿಯಲ್ಲಾದರೋ, ಒಳ್ಳೆಯತನವೆಂದು ಕರೆಸಿಕೊಂಡದ್ದೇ ಕುಸಿಯುತ್ತದೆ.

ಎದುರು ಬದಿಯಲ್ಲೂ ಇದೇ ಗತಿ. ಶಿವಮೊಗ್ಗೆಯಿಂದ ಜ್ವರ ಹೊತ್ತು ತಂದು ಸತ್ತ ನಾರಣಪ್ಪ ಪುಸ್ತಕದಲ್ಲಿ ಬಹುಪಾಲು ಪರರ ಬಾಯಿಯ ಮನುಷ್ಯ. ಸಾಲಿಗ್ರಾಮ ಎಸೆದನಂತೆ, ಮುಸ್ಲಿಮರ ಜೊತೆ ಉಂಡನಂತೆ. ಆಚಾರ್ಯರೊಡನೆ ಜಗಳಕ್ಕೆ ನಿಂತದ್ದು ಕೂಡ ಆಚಾರ್ಯರ ನೆನಪಿನಲ್ಲೇ. ಆ ‘ಅಂತೆ’ಗಳಲ್ಲಿ ಎಷ್ಟು ನಿಜ, ಎಷ್ಟು ಹೊಟ್ಟೆಕಿಚ್ಚು ಎಂದು ಓದುಗ ತಡಕಾಡಬೇಕು. ಚಿತ್ರ ಆ ಜಾಗದಲ್ಲಿ ಪಿ. ಲಂಕೇಶರನ್ನು ತಂದು ನಿಲ್ಲಿಸಿತು. 1980ರ ನಂತರ ‘ಲಂಕೇಶ್ ಪತ್ರಿಕೆ’ ಓದುತ್ತಾ ಬೆಳೆದ ಯಾರಾದರೂ ಆ ಮುಖ ಕಂಡ ಮೇಲೆ ಅಗ್ರಹಾರದ ಪಕ್ಷ ವಹಿಸಿಯಾರೇ? ತೀರ್ಪು ಪಾತ್ರವರ್ಗದ ಪಟ್ಟಿಯಲ್ಲೇ ಆಗಿಹೋಯಿತು.

ಚಂದ್ರಿ ಒಡವೆ ಬಿಚ್ಚಿಡುವ ಸನ್ನಿವೇಶ ಮಾತ್ರ ಎರಡರಲ್ಲೂ ನಿಲ್ಲುತ್ತದೆ. ನಾರಣಪ್ಪನ ಹೆಣ ಮುಟ್ಟಲು ಒಲ್ಲೆವೆಂದಿದ್ದ ಅಗ್ರಹಾರದ ಬ್ರಾಹ್ಮಣರು, ಶವಸಂಸ್ಕಾರದ ಖರ್ಚಿಗೆಂದು ಅವಳು ಚಿನ್ನವನ್ನು ಆಚಾರ್ಯರ ಮುಂದೆ ರಾಶಿ ಹಾಕಿದೊಡನೆ ವರಸೆ ಬದಲಿಸುತ್ತಾರೆ. ಗರುಡನೂ ಲಕ್ಷ್ಮಣನೂ ಸಂಸ್ಕಾರದ ಹಕ್ಕಿಗೆ ಪೈಪೋಟಿಗಿಳಿಯುತ್ತಾರೆ. ಆಳದ ಗಣಿಯಿಂದ ಚಿನ್ನ ಎತ್ತಿದ ಜಿಲ್ಲೆಯ ಜನ ಇದನ್ನು ನೋಡಿ ನಗುವುದೂ ಉಂಟು. ಆದರೆ ಆ ನಗುವೇ ತೊಡಕು. ತೆರೆಯ ಮೇಲೆ ದುರಾಸೆ ಪೂರ್ತಿಯಾಗಿ ಗರುಡ, ಲಕ್ಷ್ಮಣ, ಊಟಬಾಕ ದಾಸಾಚಾರ್ಯರ ಪಾಲಿಗೆ ಬರುತ್ತದೆ. ಚಿನ್ನ ಬಯಸಿದವರು ಇವರು, ಮೋಕ್ಷ ಬಯಸಿದವರು ಆಚಾರ್ಯರು, ಎರಡೂ ಒಂದೇ ಬಗೆಯ ಗಳಿಕೆ ಎಂಬ ಅನಂತಮೂರ್ತಿಯವರ ಚುಚ್ಚು ಕಳೆದುಹೋಗುತ್ತದೆ.

ಹೊಗಳುಭಟರು ಇಲ್ಲಿ ಬರ್ಗ್‌ಮನ್ನನನ್ನು ಕರೆತರುತ್ತಾರೆ. ಬರ್ಮಿಂಗ್‌ಹ್ಯಾಮಿನಲ್ಲಿ ‘ಸೆವೆಂತ್ ಸೀಲ್’ ನೋಡಿದ ಮೇಲೆ ಈ ಕಾದಂಬರಿ ಹುಟ್ಟಿತೆಂದು ಲೇಖಕರೇ ಹೇಳಿಕೊಂಡಿದ್ದರು. ಅಷ್ಟು ಸಿಕ್ಕಿದ್ದೇ ತಡ, ಕಪ್ಪುಬಿಳುಪು, ಮೌನ, ಪ್ಲೇಗು ಎಲ್ಲವೂ ಬರ್ಗ್‌ಮನ್ ಆದವು. ಕಾದಂಬರಿ ಎಲ್ಲಿ ಹುಟ್ಟಿತು ಎಂಬುದು ಚಿತ್ರದ ಯೋಗ್ಯತೆಗೆ ಪುರಾವೆಯಾಗುವುದು ಹೇಗೆ? ಇನ್ನು ಲೇಖಕ ನೈಪಾಲ್. ಭಾರತದ ಬಗ್ಗೆ ಬರೆದ 1977ರ ಪುಸ್ತಕದಲ್ಲಿ ಆಚಾರ್ಯರನ್ನು ಸ್ವಂತ ವ್ಯಕ್ತಿತ್ವವೇ ಬಲಿಯದ ಭಾರತೀಯನ ಮಾದರಿ ಮಾಡಿಕೊಂಡರು. ತನ್ನ ಪುಣ್ಯವನ್ನೇ ತಿರುವಿ ನೋಡಿ ಅಸಹ್ಯಪಟ್ಟುಕೊಳ್ಳುವ ಮನುಷ್ಯನಿಗೆ ಆತ್ಮಪರೀಕ್ಷೆ ಬರದೆಂದರೆ, ಓದಿದ್ದು ಯಾವ ಪುಸ್ತಕ?

ನವ್ಯರ ಭರಾಟೆಯಲ್ಲಿ ಹಳಬರೆಂದು ಬದಿಗೆ ಸರಿದ ಮಾಲೂರು ತಾಲ್ಲೂಕಿನ ಮಾಸ್ತಿಯವರನ್ನು, ಕೆಡುಕನ್ನು ತೋರಿಸುವ ಇನ್ನೊಂದು ಬಗೆಗಾಗಿ, ಇಲ್ಲಿ ನೆನೆಯಬೇಕು. 1956ರ ‘ಚಿಕವೀರ ರಾಜೇಂದ್ರ’ದಲ್ಲಿ ರಾಜ ಕ್ರೂರಿ, ಕುಂಟ ಬಸವ ಅವನ ದುಷ್ಟತನದ ಬಲಗೈ. ನಾಯಿಗಳ ನಡುವೆ ಬೆಳೆದ ಆ ಬಸವ ರಾಜನ ತಂದೆ ಲಿಂಗರಾಜನ ಮಗನೇ ಎಂದು ಕಾದಂಬರಿ ತಡವಾಗಿ ಬಿಡಿಸುತ್ತದೆ. ಅವನ ಪಾಪವೊಂದನ್ನೂ ಮಾಸ್ತಿ ಮನ್ನಿಸುವುದಿಲ್ಲ. ಆದರೆ ಪಾಪದ ಬೇರು ಅರಮನೆಯ ಗೋಡೆಯೊಳಗೇ ಇತ್ತೆಂದು ತಿಳಿದಾಗ ಓದುಗ ಯಾರ ಕಡೆಗೂ ಬೆರಳು ತೋರಿಸಲಾರ. ಪಟ್ಟಾಭಿಯವರ ಚಿತ್ರದಲ್ಲಿ ಬೆರಳಿಗೆ ಸಿಗುವ ಗುರಿಗಳು ಧಾರಾಳ.

ಕೋಲಾರದಲ್ಲಿ ಮುಂದಿನ ಸಲ ಯಾರಾದರೂ ‘ಸಂಸ್ಕಾರ’ದ ಪ್ರದರ್ಶನ ಇಟ್ಟುಕೊಂಡರೆ, ದೀಪ ಆರಿಸುವ ಮೊದಲು ಕಾದಂಬರಿಯ ಆ ಸ್ನಾನದ ಪುಟಗಳನ್ನು ಗಟ್ಟಿಯಾಗಿ ಓದಿಸಲಿ. ಆಮೇಲೆ ಕಾರ್ನಾಡರ ಮುಖ ತೆರೆಗೆ ಬಂದಾಗ ಸಭೆ ಅಷ್ಟು ಬೇಗ ಕೈಮುಗಿಯಲಿಕ್ಕಿಲ್ಲ.