ನಿಂತ ಗಾಡಿಯೇ ದುಬಾರಿ

ಹೋದ ಭಾನುವಾರ ಬೆಳಿಗ್ಗೆ ನನ್ನ ಯೆಜ್ಡಿ ರೋಡ್‌ಕಿಂಗ್‌ನ ಬಲಗಡೆಯ ಕವರ್ ಬಿಚ್ಚಿಟ್ಟುಕೊಂಡು ಪಾಯಿಂಟ್ ಉಜ್ಜುತ್ತಿದ್ದೆ. ಎದುರುಮನೆಯ ಹುಡುಗ ಬ್ರಷ್ ಬಾಯಲ್ಲಿಟ್ಟುಕೊಂಡೇ ಗೇಟಿನ ಹತ್ತಿರ ಬಂದು ನಿಂತ. ಕೆಲಸಕ್ಕೆ ಸೇರಿ ವರ್ಷವಾಗಿಲ್ಲ, ಕೈಯಲ್ಲಿ ನಾಲ್ಕು ಕಾಸು ಆಡುತ್ತಿದೆ. “ಅಂಕಲ್, ನಾನೂ ಒಂದು ರೋಡ್‌ಕಿಂಗ್ ನೋಡಿಟ್ಟಿದೀನಿ. ತಗೊಂಡ್ಮೇಲೆ ತುಂಬಾ ಖರ್ಚು ಬರುತ್ತಾ?” ಎಂದ. ಗೇಟಿನಲ್ಲಿ ನಿಂತು ಹೇಳಿ ಮುಗಿಸುವ ಮಾತಲ್ಲ ಅದು. ಹಾಗಾಗಿ ಈ ವಾರದ ಅಂಕಣ ಅವನಿಗೆ, ಅವನಂತೆ ಹಳೆಯ ಗಾಡಿಯ ಮೇಲೆ ಕಣ್ಣಿಟ್ಟಿರುವ ಎಲ್ಲರಿಗೆ.

ಮೊದಲು ಗಾಡಿ ಯಾವುದೆಂದು ತಿಳಿದಿರಬೇಕು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಗೆ 1961ರಲ್ಲಿ ಜಯಚಾಮರಾಜ ಒಡೆಯರ್ ಚಾಲನೆ ಕೊಟ್ಟರು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ ಶುರುವಾದ ಕಾರ್ಖಾನೆ ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂಬ ತನ್ನದೇ ಹೆಸರಿಟ್ಟುಕೊಂಡಿತು. 1978ರಲ್ಲಿ ಬಂದ ರೋಡ್‌ಕಿಂಗ್ ಆ ಮನೆತನದಲ್ಲಿ ಓಟಕ್ಕೆಂದೇ ಹುಟ್ಟಿದ ಮಗ. 248.5 ಸಿಸಿ, 16 ಬಿಎಚ್‌ಪಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅಂದರೆ ಅತ್ಯಂತ ಎಳೆಯ ರೋಡ್‌ಕಿಂಗ್‌ಗೂ ಈಗ ಮೂವತ್ತರ ಆಸುಪಾಸು. 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಮತ್ತೆ ಬೈಕ್‌ಗಳು ಬಂದವು, ಸಂತೋಷ. ಆದರೆ ಅವು ಫೋರ್ ಸ್ಟ್ರೋಕ್. ಅವುಗಳ ಎಂಜಿನ್ನಿನ ಸಾಮಾನು ನಮ್ಮ ಟೂ ಸ್ಟ್ರೋಕ್ ಗಾಡಿಗೆ ಬರುವುದಿಲ್ಲ.

ಇನ್ನು ಖರ್ಚಿನ ಮಾತು. ಹಳೆಯ ಗಾಡಿಯ ಖರ್ಚು ಎರಡು ಬಗೆ. ಒಂದು ವಾರವಾರವೂ ಚಿಲ್ಲರೆಯಾಗಿ ಹೋಗುವುದು, ಇನ್ನೊಂದು ವರ್ಷಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ಗಂಟುಕಟ್ಟಿ ಬರುವುದು. ಮೊದಲನೆಯದನ್ನು ಕೊಡುತ್ತಾ ಹೋದವನಿಗೆ ಎರಡನೆಯದು ತಡವಾಗಿ ಬರುತ್ತದೆ, ಸಣ್ಣದಾಗಿಯೂ ಬರುತ್ತದೆ. ಇಷ್ಟು ವರ್ಷ ಈ ಗಾಡಿ ಇಟ್ಟುಕೊಂಡು ನಾನು ಕಲಿತ ಪಾಠ ಇದೊಂದೇ.

ಪಾಯಿಂಟನ್ನೇ ನೋಡಿ. ಎರಡು ಪುಟ್ಟ ಲೋಹದ ಮುಖಗಳು ತೆರೆದು ಮುಚ್ಚುತ್ತಿರುತ್ತವೆ, ತೆರೆದ ಕ್ಷಣದಲ್ಲಿ ಪ್ಲಗ್‌ನಲ್ಲಿ ಕಿಡಿ. ಪೂರ್ತಿ ತೆರೆದಾಗ ನಡುವಿನ ಗ್ಯಾಪ್ 0.4 ಮಿಲಿಮೀಟರ್ ಇರಬೇಕು. ಕ್ಯಾಮ್‌ಗೆ ಒರಗಿದ ಫೈಬರ್ ತುಂಡು ದಿನವೂ ಕೂದಲೆಳೆಯಷ್ಟು ಸವೆಯುತ್ತದೆ. ಅದು ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ಗಾಡಿ ಎಳೆಯುವುದಿಲ್ಲ, ಎಂಜಿನ್ ಕಾಯುತ್ತದೆ. ಫೀಲರ್ ಗೇಜಿನ ಎಲೆಯನ್ನು ಆ ಸಂದಿಗೆ ಇಳಿಬಿಟ್ಟಾಗ ಬೆಣ್ಣೆ ಸವರಿದ ಚಾಕುವನ್ನು ಎಳೆದಷ್ಟೇ ಹಿತವಾದ ಬಿಗಿ ಬೆರಳಿಗೆ ತಾಗಬೇಕು. ಆಮೇಲೆ ಕ್ಯಾಮಿನ ಮೇಲಿನ ಫೆಲ್ಟ್‌ಗೆ ಚಿಟಿಕೆ ಗ್ರೀಸ್. ಇಷ್ಟಕ್ಕೆ ಹಿಡಿಯುವುದು ಅರ್ಧ ಗಂಟೆ, ಖರ್ಚು ಸೊನ್ನೆ. ಇದನ್ನು ಆರು ತಿಂಗಳು ಮರೆತವರು ಪ್ಲಗ್ ಬದಲಿಸುತ್ತಾರೆ, ಕಾಯಿಲ್ ಬದಲಿಸುತ್ತಾರೆ, ಕಾರ್ಬುರೇಟರ್ ಬದಲಿಸುತ್ತಾರೆ. ಕಾಯಿಲೆ ಇದ್ದ ಜಾಗದಲ್ಲೇ ಇರುತ್ತದೆ.

ಎರಡನೆಯದು ಎಣ್ಣೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆಗೇ ಎಣ್ಣೆ ಹೋಗಬೇಕು. ಕ್ರ್ಯಾಂಕಿನ ಬೇರಿಂಗ್, ಪಿಸ್ಟನ್ ಎಲ್ಲವೂ ಬದುಕುವುದು ಅದರಿಂದ. ನಾನು ಲೀಟರಿಗೆ 35 ಮಿಲಿ ಟೂ-ಟಿ ಆಯಿಲ್ ಹಾಕುತ್ತೇನೆ, ಚೆನ್ನಾಗಿ ಕಲಸಿ ಹಾಕುತ್ತೇನೆ. ಹೊಗೆ ಕಡಿಮೆಯಾಗಲಿ ಎಂದು ಎಣ್ಣೆಯಲ್ಲಿ ಕಂಜೂಸುತನ ಮಾಡಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಟ್ಯಾಂಕಿನ ತಳದಲ್ಲಿ ನೀರು, ನೀರಿನಿಂದ ತುಕ್ಕು, ತುಕ್ಕಿನ ಪುಡಿ ಜೆಟ್‌ಗೆ. ಹಳೆಯ ಕಾಲದ ರಬ್ಬರ್ ವಾಷರ್‌ಗಳು ಉಬ್ಬಿ ಪೆಟ್ರೋಲ್ ಕಾಕ್ ಸೋರುತ್ತದೆ. ಹತ್ತು ದಿನಕ್ಕಿಂತ ಹೆಚ್ಚು ಗಾಡಿ ತೆಗೆಯದಿದ್ದರೆ ಕಾರ್ಬುರೇಟರಿನ ಬಟ್ಟಲನ್ನು ಖಾಲಿ ಮಾಡಿಯೇ ನಿಲ್ಲಿಸುತ್ತೇನೆ.

ಹೊಗೆಯ ವಿಷಯ ಬಂದದ್ದರಿಂದ ಒಂದು ಪ್ರಸಂಗ ಹೇಳಬೇಕು. ಒಂದು ಮಳೆಗಾಲ ನನ್ನ ಗಾಡಿ ಬಿಳಿ ಹೊಗೆ ಉಗುಳಲು ಶುರುಮಾಡಿತು. ರಸ್ತೆಯಲ್ಲಿ ಹಿಂದಿನವರು ಮೂಗು ಮುಚ್ಚಿಕೊಳ್ಳುವಷ್ಟು. ಪಿಸ್ಟನ್ ಹೋಯಿತು, ಬೋರ್ ಮಾಡಿಸಬೇಕು ಎಂದು ಒಂದು ಗ್ಯಾರೇಜಿನಲ್ಲಿ ಹೇಳಿದರು. ದುಡ್ಡು ಹೊಂದಿಸಿಕೊಂಡು ಮೈಸೂರಿನಲ್ಲಿರುವ ನನ್ನ ಹಳೆಯ ಮೇಸ್ತ್ರಿಯ ಹತ್ತಿರ ಹೋದೆ. ಅವರು ಎಂಜಿನ್ನಿಗೆ ಸ್ಪ್ಯಾನರ್ ಹಾಕಲೇ ಇಲ್ಲ. ಸೈಲೆನ್ಸರಿನ ಬಾಯಿಗೆ ಬೆರಳು ಸವರಿ ಮೂಸಿ ನೋಡಿದರು. “ಸಾರ್, ಗೇರ್‌ಬಾಕ್ಸ್ ಆಯಿಲ್ ಎಷ್ಟಿದೆ ನೋಡಿದ್ರಾ?” ಎಂದರು. ನೋಡಿದರೆ ಅರ್ಧಕ್ಕರ್ಧ ಖಾಲಿ. “ಕೆಳಗೆ ಒಂದು ತೊಟ್ಟೂ ಬಿದ್ದಿಲ್ಲ. ಮತ್ತೆ ಎಲ್ಲಿಗೆ ಹೋಯ್ತು?”

ಕ್ರ್ಯಾಂಕಿನ ಎಡಗಡೆ, ಕ್ಲಚ್ ಇರುವ ಕಡೆಯ ಆಯಿಲ್ ಸೀಲ್ ಹೋಗಿತ್ತು. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ ಮೇಲೇರಿದಾಗ ಕ್ರ್ಯಾಂಕ್‌ಕೇಸು ಬಾಯಿ ಹಚ್ಚಿ ಎಳೆದಂತೆ ಪೆಟ್ರೋಲ್ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಎಡಗಡೆಯ ಸೀಲ್ ಹರಿದರೆ ಗೇರ್‌ಬಾಕ್ಸಿನ ಎಣ್ಣೆಯನ್ನೂ ಎಳೆದು ಸುಡುತ್ತದೆ, ಅದೇ ಬಿಳಿ ಹೊಗೆ. ಬಲಗಡೆಯ ಸೀಲ್ ಹರಿದರೆ ಹೊಗೆಯಿಲ್ಲ, ಬರೀ ಗಾಳಿ ಎಳೆಯುತ್ತದೆ. ಇದು ಹೆಚ್ಚು ಅಪಾಯದ್ದು, ಏಕೆಂದರೆ ಮಿಶ್ರಣ ತೆಳುವಾಗಿ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ. ಕೆಲವು ನೂರು ರೂಪಾಯಿಯ ಸೀಲ್, ಒಂದು ದಿನದ ಕೂಲಿ, ಅಷ್ಟರಲ್ಲಿ ನನ್ನ ಕೆಲಸ ಮುಗಿಯಿತು. ಈ ಗಾಡಿಯ ಕಿವಿ-ಮೂಗು ತಿಳಿದ ಮೇಸ್ತ್ರಿಗೆ ಕೇಳಿದಷ್ಟು ಕೂಲಿ ಕೊಡಿ, ಚೌಕಾಸಿ ಮಾಡಬೇಡಿ. ಅವರಿಗೆ ಕೊಟ್ಟ ದುಡ್ಡು ಬೇಡದ ರಿಪೇರಿಗಳಲ್ಲಿ ಉಳಿಯುತ್ತದೆ.

ದೊಡ್ಡ ಖರ್ಚು ಬಂದೇ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ರೋಡ್‌ಕಿಂಗ್‌ನ ಬೋರ್ 65 ಮಿಲಿಮೀಟರ್. ಸವೆದಾಗ ಲೇತ್‌ನವರ ಹತ್ತಿರ ಬೋರ್ ಮಾಡಿಸಿ, 0.25 ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿಸಬೇಕು. ಮುಂದಿನ ಸಲ 0.50, ಆಮೇಲೆ 0.75. ಸಿಲಿಂಡರಿಗೆ ಇರುವುದು ಲೆಕ್ಕದ ಆಯುಸ್ಸು. ಕೊಳ್ಳುವಾಗ ಈಗ ಎಷ್ಟನೆಯ ಸೈಜ್ ಇದೆ ಎಂದು ಕೇಳಿ. ಕ್ರ್ಯಾಂಕ್ ಒತ್ತಿ ಕೂಡಿಸಿದ್ದು. ಕನೆಕ್ಟಿಂಗ್ ರಾಡ್ ಬದಲಿಸಬೇಕೆಂದರೆ ಪ್ರೆಸ್ಸಿನಲ್ಲಿ ಬಿಡಿಸಿ, ಹೊಸದು ಕೂಡಿಸಿ, ಎರಡೂ ತುದಿ ಒಂದೇ ಗೆರೆಗೆ ಬರುವಂತೆ ಡಯಲ್ ಗೇಜ್ ಇಟ್ಟು ಸರಿಮಾಡಬೇಕು. ಇದನ್ನು ಸುತ್ತಿಗೆಯಿಂದ ಅಂದಾಜಿನಲ್ಲಿ ಮಾಡುವವರಿದ್ದಾರೆ. ಅಂಥವರ ಕೆಲಸಕ್ಕೆ ಎರಡು ಸಲ ದುಡ್ಡು ಕೊಡಬೇಕಾಗುತ್ತದೆ.

ಸಾಮಾನಿಗೆ ಬೆಂಗಳೂರಿನವರಿಗೆ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಇವೆ. ಹೊಸದಾಗಿ ತಯಾರಾದ ನಕಲು ಸಾಮಾನು ಹೊಳೆಯುತ್ತದೆ, ಆದರೆ ಕ್ಲಚ್ ಪ್ಲೇಟ್, ಗೇರಿನ ಹಲ್ಲು ಇಂಥ ಕಡೆ ಹಳೆಯ ಅಸಲಿ ಸಾಮಾನೇ ಬಾಳುತ್ತದೆ. ಒಳ್ಳೆಯ ಸಾಮಾನು ಕಣ್ಣಿಗೆ ಬಿದ್ದ ದಿನ ಬೇಕಿರಲಿ ಬಿಡಲಿ ತಂದಿಟ್ಟುಕೊಳ್ಳುತ್ತೇನೆ. ಬೇಕಾದ ದಿನ ಅದು ಸಿಗುವುದಿಲ್ಲ.

ಕಾಗದಪತ್ರಕ್ಕೂ ಖರ್ಚಿದೆ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2022ರಲ್ಲಿ ಬೈಕಿಗೆ ಈ ಶುಲ್ಕ 300ರಿಂದ 1,000 ರೂಪಾಯಿಗೆ ಏರಿತು, 2025ರಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ 2,000 ಆಯಿತು. ಹಸಿರು ತೆರಿಗೆ, ವಿಮೆ ಬೇರೆ. 50 ವರ್ಷ ದಾಟಿದ ಗಾಡಿಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಉಂಟು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಮೊದಲ ರೋಡ್‌ಕಿಂಗ್‌ಗೂ ಆ ವಯಸ್ಸಾಗುವುದು 2028ಕ್ಕೆ. ಆರ್‌ಸಿ ಸತ್ತ ಗಾಡಿಯನ್ನು ಎಷ್ಟೇ ಅಗ್ಗವಾದರೂ ತೆಗೆದುಕೊಳ್ಳಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಲೆಕ್ಕದ ಪುಸ್ತಕದಲ್ಲಿ ಅತಿ ದೊಡ್ಡ ಮೊತ್ತ ಬರೆದಿರುವುದು ಗಾಡಿ ಓಡಿಸಿದ ವರ್ಷಕ್ಕಲ್ಲ. ಅಮ್ಮನ ಕಾಯಿಲೆಯ ಓಡಾಟದಲ್ಲಿ ಒಂದೂವರೆ ವರ್ಷ ಗಾಡಿ ಮುಟ್ಟಿರಲಿಲ್ಲ. ಹೊದಿಕೆ ತೆಗೆದಾಗ ಟ್ಯಾಂಕಿನೊಳಗೆ ತುಕ್ಕು, ಕಾರ್ಬುರೇಟರಿನಲ್ಲಿ ಹಸಿರು ಅಂಟು, ಒಣಗಿ ಬಿರಿದ ಸೀಲ್‌ಗಳು, ಸತ್ತ ಬ್ಯಾಟರಿ, ಒಂದಕ್ಕೊಂದು ಅಂಟಿಕೊಂಡ ಕ್ಲಚ್ ಪ್ಲೇಟ್‌ಗಳು. ಒಂದು ಕಿಲೋಮೀಟರ್ ಕೂಡ ಓಡದ ಗಾಡಿಗೆ ಎಂಜಿನ್ ಪೂರ್ತಿ ಬಿಚ್ಚಬೇಕಾಯಿತು. ಓಡಿಸಿದ ಮೂರು ವರ್ಷದ ಖರ್ಚನ್ನು ನಿಂತ ಒಂದೂವರೆ ವರ್ಷ ನುಂಗಿತ್ತು.

ಆದ್ದರಿಂದ ಎದುರುಮನೆಯ ಹುಡುಗನಿಗೆ ನನ್ನ ಮಾತು: ತಗೋ. ಗಾಡಿಯ ಬೆಲೆಯ ಮೂರನೇ ಒಂದು ಭಾಗವನ್ನು ಮೊದಲ ವರ್ಷಕ್ಕೆಂದು ಪಕ್ಕಕ್ಕಿಟ್ಟು ತಗೋ. ಪೇಂಟ್ ನೋಡಬೇಡ, ಕ್ರ್ಯಾಂಕಿನ ಸದ್ದು ಕೇಳು. ವಾರಕ್ಕೆ ಎರಡು ಗಂಟೆ ಅದಕ್ಕೆ ಕೊಡು, ಇಪ್ಪತ್ತು ಕಿಲೋಮೀಟರಾದರೂ ಓಡಿಸು. ಆ ಎರಡು ಗಂಟೆ ನಿನ್ನಲ್ಲಿಲ್ಲದಿದ್ದರೆ ಇರುವವರ ಕೈಗೆ ಆ ಗಾಡಿ ಹೋಗಲಿ.

ಓದುಗರಲ್ಲೂ ಒಂದು ಕೋರಿಕೆ. ಅಪ್ಪನದೋ ಮಾವನದೋ ಯೆಜ್ಡಿ ನಿಮ್ಮ ಮನೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿದ್ದರೆ ಈ ಭಾನುವಾರ ಹೊರಗೆ ತನ್ನಿ. ತಕ್ಷಣ ಕಿಕ್ ಹೊಡೆಯಬೇಡಿ. ಹಳೆಯ ಪೆಟ್ರೋಲ್ ಇಳಿಸಿ, ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಒಂದು ಚಮಚ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ. ಮರುದಿನ ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿ. ಪಿಸ್ಟನ್ ಅಲುಗಿದರೆ ನಿಮ್ಮ ಗಾಡಿ ಇನ್ನೂ ಬದುಕಿದೆ.